ದಾಖಲೆಯ ಮಾತೇ ಕೊನೆಯ ಮಾತಲ್ಲ



ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಐರ್ಲೆಂಡಿನಲ್ಲಿ ನೆಲೆಸಿದ್ದಾರೆ. ಆ ಪುಟ್ಟ ದೇಶ ೨೦೨೧ರ ಮಾರ್ಚ್ ೧೫ರಂದು ‘ಷೆಂಗೆನ್ ಮಾಹಿತಿ ವ್ಯವಸ್ಥೆ’ಯನ್ನು ಸೇರಿತು. ಸುದ್ದಿ ಹಳತಾದರೂ ಅದು ಎತ್ತುವ ಪ್ರಶ್ನೆ ಇನ್ನೂ ಹಳತಾಗಿಲ್ಲವೆಂದು ನನ್ನ ಭಾವನೆ.

ಮೊದಲು ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ೧೯೮೫ರಲ್ಲಿ ಲಕ್ಸೆಂಬರ್ಗಿನ ಷೆಂಗೆನ್ ಎಂಬ ಹಳ್ಳಿಯ ಬಳಿ ಐದು ದೇಶಗಳು ತಮ್ಮ ನಡುವಣ ಗಡಿತಪಾಸಣೆಯನ್ನು ಹಂತಹಂತವಾಗಿ ಕೈಬಿಡುವ ಒಪ್ಪಂದಕ್ಕೆ ಸಹಿ ಹಾಕಿದವು. ಬಾಗಿಲು ತೆರೆದಿಟ್ಟರೆ ನೆಂಟನಂತೆ ಕಳ್ಳನೂ ಒಳಬರುತ್ತಾನಷ್ಟೆ! ಆದ್ದರಿಂದ ೧೯೯೫ರಲ್ಲಿ ಎಲ್ಲರಿಗೂ ಸೇರಿದ ಒಂದು ದಾಖಲೆ ಬಳಕೆಗೆ ಬಂದಿತು. ಬಂಧನದ ವಾರಂಟ್ ಇರುವವರು, ಕಾಣೆಯಾದವರು, ಕಳುವಾದ ವಾಹನಗಳು, ಕಳೆದುಹೋದ ಪಾಸ್‌ಪೋರ್ಟ್‌ಗಳು ಇವೆಲ್ಲ ಅದರಲ್ಲಿ ಸೇರಿವೆ. ಒಂದು ದೇಶ ನಮೂದಿಸಿದ್ದನ್ನು ಉಳಿದ ದೇಶಗಳ ಪೊಲೀಸರು ಕ್ಷಣಮಾತ್ರದಲ್ಲಿ ಕಾಣಬಹುದು. ಇದರ ಕೇಂದ್ರವಿರುವುದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ.

ಐರ್ಲೆಂಡಿನ ಸ್ಥಿತಿ ಸ್ವಲ್ಪ ಬೇರೆ. ಬ್ರಿಟನ್ನಿನೊಡನೆ ಅದಕ್ಕೆ ಬಹುಕಾಲದ ಮುಕ್ತ ಸಂಚಾರದ ಏರ್ಪಾಡಿದೆ. ಹೀಗಾಗಿ ಅದು ಷೆಂಗೆನ್ ವಲಯಕ್ಕೆ ಸೇರದೆ, ಪೊಲೀಸ್ ಸಹಕಾರಕ್ಕೆ ಸಂಬಂಧಿಸಿದ ಭಾಗವನ್ನಷ್ಟೇ ಸ್ವೀಕರಿಸಿತು. ಇತ್ತ ಬ್ರಿಟನ್ ೨೦೧೫ರಲ್ಲಿ ಈ ವ್ಯವಸ್ಥೆಗೆ ಸೇರಿ, ಐರೋಪ್ಯ ಒಕ್ಕೂಟವನ್ನು ತೊರೆದ ಪರಿಣಾಮವಾಗಿ ೨೦೨೦ರ ಡಿಸೆಂಬರ್ ಕೊನೆಯಲ್ಲಿ ಹೊರಬಿದ್ದಿತು. ನೆರೆಯವನು ಹೊರನಡೆದ ಎರಡೂವರೆ ತಿಂಗಳಿಗೆ ಐರ್ಲೆಂಡ್ ಒಳಬಂದದ್ದು ವಿವೇಕದ ಹೆಜ್ಜೆಯೆಂದೇ ನಾನು ತಿಳಿಯುತ್ತೇನೆ. ಒಂದು ದೇಶದಲ್ಲಿ ಅಪಹೃತವಾದ ಮಗು ಮತ್ತೊಂದು ದೇಶದ ವಿಮಾನ ನಿಲ್ದಾಣವನ್ನು ಯಾರ ಗಮನಕ್ಕೂ ಬಾರದೆ ದಾಟಿಹೋಗುವಂತಾಗಬಾರದು.

ಆದರೆ ದಾಖಲೆಯಲ್ಲಿದೆ ಎಂದ ಮಾತ್ರಕ್ಕೆ ವಿಚಾರ ಮುಗಿಯಿತೇ? ಸ್ಪೇನಿನ ಪ್ರಜೆಗಳನ್ನು ಮದುವೆಯಾಗಿದ್ದ ಇಬ್ಬರು ಅಲ್ಜೀರಿಯನ್ನರ ಹೆಸರು ಈ ಪಟ್ಟಿಯಲ್ಲಿತ್ತು. ಅದೊಂದನ್ನೇ ಕಾರಣವಾಗಿಟ್ಟುಕೊಂಡು ಸ್ಪೇನ್ ಅವರ ಪ್ರವೇಶವನ್ನು ನಿರಾಕರಿಸಿತು. ಪ್ರಕರಣ ಐರೋಪ್ಯ ನ್ಯಾಯಾಲಯದ ಮೆಟ್ಟಿಲೇರಿತು. ಅವರಿಂದ ನಿಜವಾಗಿಯೂ ಗಂಭೀರ ಅಪಾಯವಿದೆಯೇ ಎಂದು ಮೊದಲು ಪರಿಶೀಲಿಸದೆ ತಡೆದದ್ದು ತಪ್ಪೆಂದು ೨೦೦೬ರ ಜನವರಿಯಲ್ಲಿ ನ್ಯಾಯಾಲಯ ತೀರ್ಪಿತ್ತಿತು.

ಶಾಲೆಯಲ್ಲಿ ಕೆಲಸ ಮಾಡಿದವರಿಗೆ ಈ ಮಾತು ಬೇಗನೆ ಅರ್ಥವಾಗುತ್ತದೆ. ಒಂದನೆಯ ತರಗತಿಗೆ ಸೇರಿಸುವ ದಿನ ದಾಖಲಾತಿ ಪುಸ್ತಕದಲ್ಲಿ ಯಾರೋ ಅಂದಾಜಿನಿಂದ ಬರೆದ ಜನ್ಮದಿನಾಂಕ ವರ್ಗಾವಣೆ ಪತ್ರಕ್ಕೆ, ಅಲ್ಲಿಂದ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ, ಅಲ್ಲಿಂದ ಪಾಸ್‌ಪೋರ್ಟಿಗೆ ಹರಿಯುತ್ತದೆ. ಪ್ರತಿಯೊಂದು ಕಚೇರಿಯೂ ಹಿಂದಿನ ಕಚೇರಿಯ ಕಾಗದವನ್ನೇ ಪ್ರಮಾಣವೆಂದು ನಂಬುತ್ತದೆ. ಅದನ್ನು ತಿದ್ದಿಸಲು ತಂದೆತಾಯಿಗಳು ನ್ಯಾಯಾಲಯದವರೆಗೆ ಅಲೆದದ್ದನ್ನು ನಾನು ಕಂಡಿದ್ದೇನೆ. ಒಂದು ಊರಿನ ಪುಸ್ತಕದ ತಪ್ಪೇ ಇಷ್ಟು ಕಾಡುವುದಾದರೆ, ಹಲವು ದೇಶಗಳು ಒಮ್ಮೆಗೇ ಓದುವ ಪುಸ್ತಕದ ತಪ್ಪು ಎಷ್ಟು ಕಾಡೀತು?

ಆದ್ದರಿಂದ ಮಾಹಿತಿ ಹಂಚಿಕೊಳ್ಳುವುದು ಎಷ್ಟು ಅಗತ್ಯವೋ ಅದನ್ನು ತಿದ್ದಿಸುವ ದಾರಿಯೂ ಅಷ್ಟೇ ಅಗತ್ಯ. ಈ ವ್ಯವಸ್ಥೆಯಲ್ಲಿ ತನ್ನ ಬಗ್ಗೆ ಏನಿದೆಯೆಂದು ಕೇಳುವ, ತಪ್ಪಿದ್ದರೆ ತಿದ್ದಿಸುವ, ಕಾನೂನಿಗೆ ವಿರುದ್ಧವಾಗಿ ಸೇರಿಸಿದ್ದರೆ ಅಳಿಸುವಂತೆ ಕೋರುವ ಹಕ್ಕು ಯಾವ ದೇಶದ ಪ್ರಜೆಗೇ ಆದರೂ ಇದೆ. ತನಿಖೆಗೆ ತೊಡಕಾಗುವಂತಿದ್ದರೆ ಮಾಹಿತಿಯನ್ನು ತಡೆಹಿಡಿಯುವ ಅವಕಾಶವೂ ಸರಕಾರಗಳಿಗಿದೆ. ಆ ಅವಕಾಶ ಅಪವಾದವಾಗಿಯೇ ಉಳಿಯಬೇಕು, ರೂಢಿಯಾಗಬಾರದು.

ಹೊರದೇಶದಲ್ಲಿರುವ ನನ್ನ ಮಕ್ಕಳಂಥವರಿಗೆ ಒಂದು ಮಾತು. ಊರು, ತಂದೆ, ತಾತ ಎಲ್ಲರನ್ನೂ ಇನಿಷಿಯಲ್ಲಿನಲ್ಲಿ ಹೊತ್ತು ತಿರುಗುವವರು ನಾವು. ಎಲ್ಲ ಕಾಗದಗಳಲ್ಲೂ ಹೆಸರನ್ನು ಒಂದೇ ರೀತಿಯಲ್ಲಿ ಬರೆಸಿಕೊಳ್ಳಿ. ಎಲ್ಲಿಯಾದರೂ ತಡೆದು ನಿಲ್ಲಿಸಿದರೆ ಗಾಬರಿಯಾಗದೆ, ಸೌಜನ್ಯದಿಂದಲೇ ಕಾರಣ ಕೇಳಿ. ಹಿಂದೆ ತರಗತಿಯಲ್ಲಿ ಪ್ರಶ್ನೆ ಕೇಳಲು ಹಿಂಜರಿಯುತ್ತಿದ್ದವರಿಗೂ ಈ ಮಾತು ಅನ್ವಯಿಸುತ್ತದೆ!