ಊರಿನ ಗಂಡಸರು ಬಾಯಿ ಬಿಡಲಿ: ಪಂಚಾಯತ್ ರಾಜ್ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಿಗೆ,

ಹೆಂಡತಿಯ ಮೇಲೆ ಕೈ ಮಾಡುವ ಗಂಡಂದಿರ ವಿಚಾರವಾಗಿ ಈ ಪತ್ರ. ‘ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಕಳುಹಿಸಿ’ ಎಂದು ನಿಮ್ಮ ಕಚೇರಿಯವರು ಇದರ ಮೇಲೆ ಷರಾ ಬರೆದುಬಿಡಬಹುದು. ದಯವಿಟ್ಟು ಅದಕ್ಕೆ ಅವಕಾಶ ಕೊಡಬೇಡಿ. ಇಷ್ಟು ವರ್ಷ ನಡೆದದ್ದೇ ಅದು. ಏಟು ತಿನ್ನುವವರು ಹೆಂಗಸರು, ಆದ್ದರಿಂದ ಇದು ಮಹಿಳಾ ಇಲಾಖೆಯ ಕೆಲಸ. ಅರಿವು ಕಾರ್ಯಕ್ರಮ ಎಂದರೆ ಬಂದು ಕೂರುವವರು ಸ್ತ್ರೀಶಕ್ತಿ ಸಂಘದವರು, ಅಂಗನವಾಡಿಯವರು, ಆಶಾ ಕಾರ್ಯಕರ್ತೆಯರು. ಭಾಷಣ ಕೇಳಿ, ಕರಪತ್ರ ಮಡಚಿ ಬ್ಯಾಗಿಗೆ ಹಾಕಿಕೊಂಡು, ಮತ್ತೆ ಅದೇ ಮನೆಗೆ ಹೋಗುತ್ತಾರೆ. ಹೊಡೆಯುವವನ ಕಿವಿಗಾಗಲಿ, ಗೋಡೆಯಾಚೆ ಅದನ್ನು ಕೇಳಿಸಿಕೊಂಡು ಮಗ್ಗುಲು ಬದಲಿಸುವವನ ಕಿವಿಗಾಗಲಿ ಅಲ್ಲಿನ ಒಂದು ಮಾತೂ ಬಿದ್ದಿರುವುದಿಲ್ಲ. ಆ ಗಂಡಸರು ಬಂದು ಕೂರುವುದು ನಿಮ್ಮ ಪಂಚಾಯಿತಿ ಕಟ್ಟೆಯ ಮೇಲೆ. ಹಾಗಾಗಿ ನಿಮಗೆ ಬರೆಯುತ್ತಿದ್ದೇನೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಿಮ್ಮ ಕಣ್ಣಿಗೆ ಬಿದ್ದೇ ಇರುತ್ತದೆ. ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದ ವಿವಾಹಿತ ಹೆಂಗಸರು ಕರ್ನಾಟಕದಲ್ಲಿ ಶೇ 44.4. ಅದಕ್ಕೂ ಹಿಂದಿನ ಸಮೀಕ್ಷೆಯಲ್ಲಿ ಇದು ಶೇ 20.6 ಇತ್ತು. 2019–21ರ ಲೆಕ್ಕದಲ್ಲಿ ದೇಶದಲ್ಲೇ ನಾವು ಎಲ್ಲರಿಗಿಂತ ಮೇಲಿದ್ದೆವು. ಹಿಂಸೆಯೇ ದುಪ್ಪಟ್ಟಾಯಿತೋ, ಹೇಳಿಕೊಳ್ಳುವ ಧೈರ್ಯ ಹೆಚ್ಚಿತೋ ಎಂದು ತಿಳಿದವರು ಚರ್ಚೆ ಮಾಡುತ್ತಾರೆ, ಮಾಡಲಿ. ನನ್ನನ್ನು ಹೆಚ್ಚು ಕಾಡಿದ್ದು ಅದೇ ಸಮೀಕ್ಷೆಯ ಇನ್ನೊಂದು ಲೆಕ್ಕ. ಅಡುಗೆ ಸರಿಯಾಗಿ ಮಾಡಲಿಲ್ಲ, ಹೇಳದೆ ಹೊರಗೆ ಹೋದಳು, ಎದುರು ಮಾತಾಡಿದಳು, ಅತ್ತೆ ಮಾವನಿಗೆ ಮರ್ಯಾದೆ ಕೊಡಲಿಲ್ಲ, ಇಂಥ ಏಳು ಕಾರಣಗಳನ್ನು ಮುಂದಿಟ್ಟು, ಇವುಗಳಲ್ಲಿ ಯಾವುದಕ್ಕಾದರೂ ಹೆಂಡತಿಯನ್ನು ಹೊಡೆಯುವುದು ಸರಿಯೇ ಎಂದು ಕೇಳಿದ್ದಾರೆ. ಒಂದಕ್ಕಾದರೂ ಸರಿ ಎಂದ ಗಂಡಸರು ಕರ್ನಾಟಕದಲ್ಲಿ ಶೇ 81.9. ಹಿಮಾಚಲ ಪ್ರದೇಶದಲ್ಲಿ ಶೇ 14.2. ಅಲ್ಲಿಗೂ ಇಲ್ಲಿಗೂ ಕಾನೂನು ಒಂದೇ. ಅಲ್ಲಿಯ ಗಂಡಸರಿಗೂ ಸಿಟ್ಟು ಬರುತ್ತದೆ, ಅಲ್ಲಿಯೂ ಹೆಂಡದಂಗಡಿಗಳಿವೆ. ‘ಗಂಡಸು ಅಂದಮೇಲೆ ಒಂದು ಏಟು ಹೋಗೋದು ಸಹಜ’ ಎನ್ನುವವರಿಗೆ ಈ ಎರಡು ಅಂಕಿಗಳೇ ಉತ್ತರ.

ನಮ್ಮ ಕಡೆಯ ಹಳ್ಳಿಗಳಲ್ಲಿ ಇದು ಹೇಗೆ ನಡೆಯುತ್ತದೆಂದು ಹೇಳುತ್ತೇನೆ. ಬೆಳಿಗ್ಗೆ ಆರೂವರೆ, ಹಾಲಿನ ಡೈರಿ ಮುಂದೆ ಕ್ಯಾನು ಹಿಡಿದವರ ಸಾಲು. ಒಬ್ಬ ಹೆಣ್ಣುಮಗಳು ಸೆರಗನ್ನು ಕೆನ್ನೆಗೆ ಎಳೆದುಕೊಂಡು ಬರುತ್ತಾಳೆ. ಎಡಗಣ್ಣಿನ ಕೆಳಗೆ ಊದಿಕೊಂಡು ನೀಲಿಗಟ್ಟಿದೆ. ಸೆಕ್ರೆಟರಿ ಅವಳ ಹಾಲು ಅಳೆದು, ಫ್ಯಾಟ್ ನೋಡಿ, ಚೀಟಿ ಕೈಗಿಡುತ್ತಾನೆ. ಯಾರೂ ಕೇಳದಿದ್ದರೂ ಅವಳೇ ‘ಬಚ್ಚಲಲ್ಲಿ ಜಾರಿಬಿದ್ದೆ ಕಣಣ್ಣ’ ಅನ್ನುತ್ತಾಳೆ. ರಾತ್ರಿ ಹತ್ತರಿಂದ ಹನ್ನೊಂದರ ತನಕ ಆ ಮನೆಯ ಸದ್ದು ಇಡೀ ಬೀದಿಗೆ ಕೇಳಿಸಿದೆ. ಆಕೆ ತಿರುವು ದಾಟಿದ ಮೇಲೆ ಸಾಲಿನಲ್ಲಿ ಮಾತು ಶುರು. ‘ಪಾಪ, ಅವನು ಕುಡಿದಾಗ ಮಾತ್ರ ಹಂಗೆ.’ ‘ನಮಗ್ಯಾಕೆ ಬಿಡು. ನಾಳೆ ಅವರಿಬ್ರೂ ಒಂದಾಗ್ತಾರೆ, ಮಧ್ಯ ಹೋದ ನಾವು ಕೆಟ್ಟವರಾಗ್ತೀವಿ.’ ಇವರಲ್ಲಿ ಹೆಚ್ಚಿನವರು ಕೆಟ್ಟವರಲ್ಲ, ಸ್ವಾಮಿ. ಊರಲ್ಲಿ ಯಾರಿಗಾದರೂ ಹಾವು ಕಚ್ಚಿದರೆ ನಡುರಾತ್ರಿ ಗಾಡಿ ತೆಗೆಯುವವರು. ಇದೊಂದು ವಿಷಯದಲ್ಲಿ ಮಾತ್ರ ಎಲ್ಲರ ನಾಲಿಗೆಗೂ ಬೀಗ.

ಆ ಬೀಗ ಮುರಿದವನೊಬ್ಬನನ್ನು ನಾನು ಬಲ್ಲೆ. ನಿಮ್ಮದೇ ಇಲಾಖೆಯ ಕೊನೆಯ ಮೆಟ್ಟಿಲಿನ ನೌಕರ, ನೀರುಗಂಟಿ. ಹೊತ್ತಲ್ಲದ ಹೊತ್ತಿನಲ್ಲಿ ವಾಲ್ವ್ ತಿರುಗಿಸಲು ಬೀದಿ ಬೀದಿ ಓಡಾಡುವ ಅವನಿಗೆ ಯಾವ ಮನೆಯಲ್ಲಿ ಯಾರು ಅಳುತ್ತಾರೆಂಬುದು ಗೊತ್ತು. ಒಂದು ರಾತ್ರಿ ಅಂಥ ಮನೆಯ ಕದ ತಟ್ಟಿ, ಕುಡಿದವನನ್ನು ಹೊರಗೆ ಕರೆದು, ಜಗಲಿಯ ಮೇಲೆ ಕೂರಿಸಿ, ಅವನಿಗೆ ನಿದ್ದೆ ಹತ್ತುವ ತನಕ ಪಕ್ಕದಲ್ಲೇ ಕೂತಿದ್ದ. ಬೆಳಿಗ್ಗೆ ಡೈರಿ ಮುಂದೆ ನಾಲ್ಕು ಜನರೆದುರು, ‘ಇನ್ನೊಂದ್ ಸಲ ಕೈ ಎತ್ತಿದ್ರೆ ನಾನೇ ಹೋಗಿ ಕಂಪ್ಲೇಂಟ್ ಬರೆಸ್ತೀನಿ’ ಅಂದ. ಅಷ್ಟೇ. ಹೊಡೆಯುತ್ತಿದ್ದವನು ಪಂಚಾಯಿತಿ ಸದಸ್ಯರೊಬ್ಬರ ತಮ್ಮ. ‘ನೀರು ಬಿಡೋದು ನಿನ್ನ ಕೆಲಸ, ನ್ಯಾಯ ಹೇಳೋದಲ್ಲ’ ಎಂಬ ಮಾತು ನೀರುಗಂಟಿಗೆ ಸಂಜೆಯೊಳಗೆ ತಲುಪಿತು. ಆ ತಿಂಗಳು ಅವನ ಸಂಬಳ ತಡವಾಯಿತು. ಕಾರಣ ಯಾರೂ ಹೇಳಲಿಲ್ಲ. ಆ ಮನೆಯಲ್ಲಿ ಮಾತ್ರ ಬಹಳ ದಿನ ಸದ್ದು ಕೇಳಲಿಲ್ಲ.

ಆ ನೀರುಗಂಟಿಯ ಬೆನ್ನಿಗೆ ಕಾನೂನು ಇದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅದರ 4ನೇ ಸೆಕ್ಷನ್ ಪ್ರಕಾರ ದೌರ್ಜನ್ಯ ನಡೆದಿದೆ, ನಡೆಯುತ್ತಿದೆ ಅಥವಾ ನಡೆಯಬಹುದು ಎಂದು ನಂಬಲು ಕಾರಣವಿರುವ ಯಾರೇ ಆದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಹೆಂಡತಿಯೇ ಬರಬೇಕೆಂದಿಲ್ಲ, ತವರಿನವರೇ ಆಗಬೇಕೆಂದಿಲ್ಲ. ಸದುದ್ದೇಶದಿಂದ ತಿಳಿಸಿದವನ ಮೇಲೆ ಸಿವಿಲ್, ಕ್ರಿಮಿನಲ್ ಯಾವ ಹೊಣೆಯೂ ಬರುವುದಿಲ್ಲ. ನಮ್ಮಲ್ಲಿ ಆ ಸಂರಕ್ಷಣಾಧಿಕಾರಿ ಎಂದರೆ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ). ಅಂಗನವಾಡಿಗಳ ಮೇಲ್ವಿಚಾರಣೆಯೆಲ್ಲ ಅವರ ತಲೆಯ ಮೇಲೇ ಇದೆ, ಅದರ ಜೊತೆಗೆ ಇದು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ತಾಲ್ಲೂಕು ಮಟ್ಟದಲ್ಲೂ ಸಂರಕ್ಷಣಾಧಿಕಾರಿಗಳನ್ನು ಗೊತ್ತುಪಡಿಸಿ, ಈ ಕಾಯ್ದೆಗೆ ಪ್ರಚಾರ ಕೊಡಿ ಎಂದು ರಾಜ್ಯಗಳಿಗೆ ಮತ್ತೆ ಹೇಳಬೇಕಾಯಿತು. ಹೀಗೊಬ್ಬ ಅಧಿಕಾರಿ ಇದ್ದಾರೆಂದು ನಮ್ಮ ಡೈರಿ ಸಾಲಿನಲ್ಲಿ ನಿಂತವರಲ್ಲಿ ಎಷ್ಟು ಜನಕ್ಕೆ ಗೊತ್ತು?

‘ಸುಳ್ಳು ಕೇಸು ಹಾಕ್ತಾರೆ ಸಾರ್’ ಎಂಬ ಆಕ್ಷೇಪ ಬಂದೇ ಬರುತ್ತದೆ. ಈ ಕಾಯ್ದೆಯ ಮೊದಲ ಕೆಲಸ ಜೈಲಿಗೆ ಕಳಿಸುವುದಲ್ಲ. ಹೊಡೆಯಬೇಡ, ಮನೆಯಿಂದ ಹೊರಹಾಕಬೇಡ, ಖರ್ಚಿಗೆ ಕೊಡು ಎಂದು ಮ್ಯಾಜಿಸ್ಟ್ರೇಟರು ಆದೇಶಿಸುತ್ತಾರೆ. ರಕ್ಷಣಾ ಆದೇಶ ಮುರಿದರೆ ಒಂದು ವರ್ಷದವರೆಗೆ ಸಜೆ, 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇನ್ನು ಸುಳ್ಳು ಕೇಸಿಗೆ ಹೆದರುವವನಿಗೂ ಬೇಕಾದದ್ದು ಕಂಡದ್ದನ್ನು ಕಂಡಂತೆ ಹೇಳುವ ನೆರೆಯವನೇ ಅಲ್ಲವೇ?

ಗಂಡಸರು ಇದಕ್ಕೆಲ್ಲ ಬರುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 1991ರಲ್ಲಿ ಮುಂಬೈಯ ಪತ್ರಕರ್ತರೊಬ್ಬರು, ಹೆಂಡತಿಯನ್ನು ಹೊಡೆಯಬಾರದು ಎಂದು ನಂಬುವ ಗಂಡಸರು ಬೇಕಾಗಿದ್ದಾರೆ ಎಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರು. ಇನ್ನೂರಕ್ಕೂ ಹೆಚ್ಚು ಗಂಡಸರು ಉತ್ತರಿಸಿದರು. ಅದರಿಂದ ಹುಟ್ಟಿದ ‘ಮಾವಾ’ ಎಂಬ ಸಂಘಟನೆ 1993ರಿಂದ ಮಹಾರಾಷ್ಟ್ರದ ಹುಡುಗರ ನಡುವೆ ಕೆಲಸ ಮಾಡುತ್ತಿದೆ. ನಮ್ಮಲ್ಲಿ ಆದದ್ದು ಬೇರೆ. 2019ರ ಜನವರಿಯ ಚಳಿಯಲ್ಲಿ ಸಾವಿರಾರು ಹೆಂಗಸರು ಮದ್ಯ ನಿಲ್ಲಿಸಿ ಎಂದು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದು ಬಂದರು. ಅವರ ಮನೆಯ ಗಂಡಸರು, ಊರಿನ ಗಂಡಸರು ಅಷ್ಟೇ ಸಂಖ್ಯೆಯಲ್ಲಿ ಆ ರಸ್ತೆಗೆ ಇಳಿಯಲಿಲ್ಲ. ಕರೆಯುವವರೂ ಇರಲಿಲ್ಲ.

ಕರೆಯುವ ಶಕ್ತಿ ನಿಮಗಿದೆ. ಶೌಚಾಲಯದ ಮಾತು ಒಂದು ಕಾಲಕ್ಕೆ ನಾಲ್ಕು ಜನರೆದುರು ಆಡುವಂಥದ್ದಾಗಿರಲಿಲ್ಲ. ನಿಮ್ಮ ಇಲಾಖೆ ಅದನ್ನು ಗ್ರಾಮಸಭೆಗೆ ತಂದಿತು, ಗೋಡೆಗೆ ಬರೆಸಿತು, ಮೈಕಿನಲ್ಲಿ ಕೂಗಿಸಿತು. ಮನೆಯೊಳಗಿನ ಏಟಿನ ಮಾತೂ ಹಾಗೆಯೇ ಹೊರಗೆ ಬರಲಿ. ಮಹಿಳಾ ಗ್ರಾಮಸಭೆಯಲ್ಲಿ ಮಾತ್ರ ಅಲ್ಲ, ಗಂಡಸರು ತುಂಬಿರುವ ಸಾಮಾನ್ಯ ಗ್ರಾಮಸಭೆಯಲ್ಲೇ ಇದೊಂದು ವಿಷಯವಾಗಲಿ, ಸಿಡಿಪಿಒ ಬಂದು 4ನೇ ಸೆಕ್ಷನ್ನನ್ನು ಆಡುಮಾತಿನಲ್ಲಿ ತಿಳಿಸಲಿ. ಅವರ ಹೆಸರು, ಫೋನ್ ನಂಬರು, ಜೊತೆಗೆ ಸಹಾಯವಾಣಿ ಸಂಖ್ಯೆಗಳಾದ 181 ಮತ್ತು 112 ಪ್ರತಿ ಪಂಚಾಯಿತಿಯ ಗೋಡೆಯ ಮೇಲಿರಲಿ. ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಪಂಚಾಯಿತಿ ಗ್ರಂಥಾಲಯವಾದ ಅರಿವು ಕೇಂದ್ರಕ್ಕೆ ಬರುವ ಹುಡುಗರ ಜೊತೆ ಯಾರಾದರೂ ಕೂತು ಈ ವಿಷಯ ಮಾತಾಡಲಿ. ಅವರಿಗಿನ್ನೂ ಮದುವೆಯಾಗಿಲ್ಲ.

ಸದಸ್ಯರ ತರಬೇತಿಯಲ್ಲಿ ಒಂದು ಮಾತು ಖಡಾಖಂಡಿತವಾಗಿ ಹೇಳಿಸಿ. ಅರಳೀಕಟ್ಟೆಯ ನ್ಯಾಯದಲ್ಲಿ ಗಂಡಸರೆಲ್ಲ ಕೂತು, ಏಟು ತಿಂದವಳನ್ನು ನಿಲ್ಲಿಸಿ, ‘ಹೊಂದಿಕೊಂಡು ಹೋಗಮ್ಮ, ಮಕ್ಕಳ ಮುಖ ನೋಡು’ ಎಂದು ರಾಜಿ ಮಾಡಿ ಕಳಿಸುವುದು ನ್ಯಾಯವಲ್ಲ. ಅವಳಿಗೆ ಬೇಡವಾದ ರಾಜಿಗೆ ಅವಳನ್ನು ನೂಕುವ ಅಧಿಕಾರ ಯಾವ ಸದಸ್ಯನಿಗೂ ಇಲ್ಲ. ತಾನೇ ಹೆಂಡತಿಗೆ ಹೊಡೆಯುವವನು ಆ ಕಟ್ಟೆಯ ಮೇಲೆ ಕೂರಲೇಬಾರದು.

ಕೊನೆಯದಾಗಿ, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಆ ನೀರುಗಂಟಿಯ ಸಂಬಳ. ಪರರ ಮನೆಯ ಹೆಣ್ಣಿಗಾಗಿ ಬಾಯಿ ತೆರೆದ ಪಂಚಾಯಿತಿ ನೌಕರನ ಕೆಲಸಕ್ಕಾಗಲಿ ಕೂಲಿಗಾಗಲಿ ತೊಂದರೆ ಕೊಟ್ಟವರ ಮೇಲೆ ಕ್ರಮ ಜರುಗಿಸಲಾಗುವುದು ಎಂದು ರಾಜ್ಯದ ಎಲ್ಲ ಪಂಚಾಯಿತಿಗಳಿಗೆ ಒಂದು ಸುತ್ತೋಲೆ ಹೊರಡಿಸಿ. ಒಂದು ಪುಟ ಸಾಕು, ಬೊಕ್ಕಸದಿಂದ ಹಣ ಬೇಕಿಲ್ಲ. ಮುಂದಿನ ಗ್ರಾಮಸಭೆಗೆ ಮುಂಚೆ ಅದು ನಮ್ಮ ಪಂಚಾಯಿತಿಯ ನೋಟಿಸ್ ಬೋರ್ಡಿಗೆ ಬರುವಂತೆ ಮಾಡಿ ಎಂದು ಕೈಮುಗಿದು ಕೇಳುತ್ತೇನೆ.

ಇತಿ,
ತುಮಕೂರು ಜಿಲ್ಲೆಯ ಒಬ್ಬ ಹಾಲು ಉತ್ಪಾದಕ, ಗ್ರಾಮ ಪಂಚಾಯಿತಿ ಮತದಾರ