ಬೀಡಿ ಧೂಳ ತೆಗೀತದಂತ!

ನಮ್ಮ ಸಾಸ್ತೂರಿನಾಗ ರಾಶಿ ಮುಗಿದ ಮ್ಯಾಲ ಕಣದಾಗ ಕುಂತು, 'ಬೀಡಿ ಸೇದಿದ್ರ ಎದಿಯಾಗಿನ ಧೂಳ ಹೊರಗ ಬರ್ತದ' ಅಂತಾರ. ನಾನೂ ಮೂವತ್ತು ವರ್ಷ ಹಂಗ ಅಂದವನೇ. ಇದು ಶುದ್ಧ ಸುಳ್ಳು.

ಜ್ವಾಳದ ರಾಶಿಯ ಧೂಳಿನಾಗ, ದನದ ಕೊಟ್ಟಿಗಿಯಾಗ, ಹತ್ತಿಯಾಗ ಬ್ಯಾಕ್ಟೀರಿಯಾದ ಹೊರಪದರಿನ ವಿಷ ಇರ್ತದ. ಅದರ ಹೆಸರು ಎಂಡೋಟಾಕ್ಸಿನ್. ಬ್ಯಾಕ್ಟೀರಿಯಾ ಸತ್ತರೂ ಈ ವಿಷ ಉಳೀತದ. ಹತ್ತಿ ಗಿರಣಿಯ ಕೂಲಿಗಳಿಗೆ ರಜಾ ಮುಗಿಸಿ ಬಂದ ದಿನ ಎದಿ ಬಿಗಿದು ಬರೂ 'ಸೋಮವಾರದ ಜ್ವರ'ದಾಗೂ ಇದರ ಕೈವಾಡ ಅದ. ತಂಬಾಕಿನ ಹೊಗಿಯಾಗೂ ಇದೇ ವಿಷ ಅದ. ಅಂದ ಮ್ಯಾಲ ಬೀಡಿ ತೆಗೆಯೂದೇನು? ಮತ್ತಿಷ್ಟು ತುಂಬ್ತದ.

'ನಾ ಸೇದಿದ್ರೂ ಗಟ್ಟಿ ಇದ್ದೀನಿ' ಅಂತೀರಿ. ವಿಜ್ಞಾನಿಗಳು ಗಟ್ಟಿಮುಟ್ಟಾದವರನ್ನೇ ಒಪ್ಪಿಸಿ, ಅಳತಿ ಮಾಡಿದ ಈ ವಿಷ ಉಸಿರಿನಾಗ ಕೊಟ್ಟು ನೋಡ್ಯಾರ. ಕೆಲವೇ ತಾಸಿನಾಗ ಕಫದಾಗ ಬಿಳಿ ರಕ್ತಕಣ ಹೆಚ್ಚಾಗ್ತಾವ. ಒಳಗ ಉರಿ ಎದ್ದದ ಅಂತ ಅರ್ಥ. ಅಲ್ಲಿ ಅಳತಿ ಅದ, ಕಾಯಾಕ ಡಾಕ್ಟರ್ ಇರ್ತಾರ. ನಮ್ಮ ಕಣದಾಗ ಯಾವ ಅಳತಿ? ಯಾವ ಡಾಕ್ಟರ್?

ಪದ ಹಾಡೂವಾಗ ಈಗ ನನ್ನ ಉಸಿರು ಅರ್ಧ ಸಾಲಿಗೇ ನಿಲ್ತದ. ಗುರುಗಳೇ, ಸಾಲಿ ಹುಡುಗರಿಗೆ ಇದನ್ನ ಹೇಳ್ರಿ. ತಮ್ಮಗೋಳೇ, ಬೀಡಿ ಬಿಡ್ರಿ. ರಾಶಿಗೆ ಮಾಸ್ಕ್ ಹಾಕ್ರಿ, ಧೂಳ ಹಾರೂ ಕಡಿ ನಿಲ್ಲಬ್ಯಾಡ್ರಿ. ನನ್ನ ಪದ ನಿಂತರ ನಿಲ್ಲಲಿ, ನಿಮ್ಮದು ನಿಲ್ಲಬಾರದು.