ಹಳೆಯ ಕಾರನ್ನು ಕೊಳ್ಳುವವರು ಮೊದಲು ನೋಡಬೇಕಾದುದೇನು?

ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆಯನ್ನು ಬಲ್ಲವರೂ ಹೊಳೆಯುವ ಹಳೆಯ ಕಾರೊಂದರ ಮುಂದೆ ನಿಂತಾಗ ಅದನ್ನು ಮರೆತುಬಿಡುವುದುಂಟು. ಫಿಯೆಟ್ ೧೧೦೦, ಅದರ ಮುಂದಿನ ರೂಪವಾದ ಪ್ರೀಮಿಯರ್ ಪದ್ಮಿನಿ, ಅಂಬಾಸಡರ್ ಮೊದಲಾದ ಗಾಡಿಗಳ ಮೇಲೆ ಇಂದು ನಮ್ಮ ಜನರಲ್ಲಿ ಹೊಸದೊಂದು ಮೋಹ ಹುಟ್ಟಿದೆ. ಮುಂಬಯಿಯ ಕುರ್ಲಾದಲ್ಲಿ ಪದ್ಮಿನಿಯ ತಯಾರಿಕೆ ನಿಂತು ಎರಡು ದಶಕಗಳೇ ಕಳೆದಿವೆ. ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಡರಿನ ತಯಾರಿಕೆ ೨೦೧೪ರಲ್ಲಿ ನಿಂತಿತು. ಮುಂಬಯಿಯ ಬೀದಿಗಳಿಂದ ಪದ್ಮಿನಿ ಟ್ಯಾಕ್ಸಿಗಳು ೨೦೨೩ರ ಅಕ್ಟೋಬರಿನಲ್ಲಿ ಮರೆಯಾದುವು. ವಸ್ತು ವಿರಳವಾದಷ್ಟೂ ಅದರ ಬೆಲೆ ಏರುವುದು ಲೋಕರೂಢಿ. ಈ ಮೋಹವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆದರೆ ಇಂತಹ ಗಾಡಿಯನ್ನು ಕೊಳ್ಳುವವರು ಅದನ್ನು ಪರೀಕ್ಷಿಸುವ ಕ್ರಮವು ತಲೆಕೆಳಗಾಗಿದೆ ಎಂಬುದು ನಮ್ಮ ದೃಢವಾದ ಅಭಿಪ್ರಾಯ.

ಸಾಮಾನ್ಯವಾಗಿ ನಡೆಯುವುದೇನು? ಕೊಳ್ಳುವವರು ಗಾಡಿಯನ್ನು ಒಮ್ಮೆ ಸುತ್ತಿ ಬಂದು ಬಣ್ಣವನ್ನೂ ಬಂಪರಿನ ಹೊಳಪನ್ನೂ ಮೆಚ್ಚುತ್ತಾರೆ. ಮಾರುವವರು ಎಂಜಿನನ್ನು ಚಾಲೂ ಮಾಡುತ್ತಾರೆ. ಅದರ ಸದ್ದು ಕಿವಿಗೆ ಹಿತವಾದರೆ ವ್ಯಾಪಾರ ಕುದುರಿದಂತೆಯೇ. ಗಾಡಿಯ ಕೆಳಗೆ ಬಗ್ಗಿ ನೋಡುವವರು ವಿರಳ. ಆದರೆ ಎಂಜಿನ್ನು ಗಾಡಿಯ ಒಂದು ಅಂಗ ಮಾತ್ರ. ಅದನ್ನು ಬಿಚ್ಚಿ ಕೆಳಗಿಳಿಸಬಹುದು, ಸಿಲಿಂಡರುಗಳನ್ನು ಹೊಸದಾಗಿ ಕೊರೆಯಿಸಬಹುದು, ಪಿಸ್ಟನ್ ಉಂಗುರಗಳನ್ನು ಬದಲಾಯಿಸಬಹುದು. ಮೆಕ್ಯಾನಿಕ್ಕರು ಬಾಡಿ ಎಂದು ಕರೆಯುವ ಒಡಲಿನ ವಿಷಯ ಹಾಗಲ್ಲ.

ಬಹಳ ಹಳೆಯ ಮೋಟಾರು ಗಾಡಿಗಳಲ್ಲಿ ಭಾರವನ್ನೆಲ್ಲ ಹೊರುವ ಗಟ್ಟಿಯಾದ ಉಕ್ಕಿನ ಚೌಕಟ್ಟೊಂದು ಅಡಿಯಲ್ಲಿರುತ್ತಿತ್ತು. ಮೇಲಿನ ಒಡಲು ಅದರ ಮೇಲೆ ಕೂರಿಸಿದ ಪೆಟ್ಟಿಗೆಯಂತಿರುತ್ತಿತ್ತು. ೧೯೬೧ರಿಂದ ಮದರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಈ ಬಗೆಯದು. ೧೯೫೩ರಲ್ಲಿ ಇಟಲಿಯಲ್ಲಿ ಹೊರಬಂದ ಹೊಸ ಮಾದರಿಯ ಫಿಯೆಟ್ ೧೧೦೦ ಆಗಲಿ, ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯಿಂದ ಬಂದ ಅಂಬಾಸಡರ್ ಆಗಲಿ ಹಾಗಿಲ್ಲ. ಇವುಗಳಲ್ಲಿ ಬೇರೆ ಚೌಕಟ್ಟೆಂಬುದಿಲ್ಲ. ತಗಡನ್ನು ಮಡಿಸಿ ಬೆಸೆದ ಒಡಲೇ ಚೌಕಟ್ಟು. ಬಾಗಿಲುಗಳ ಕೆಳಗೆ ಉದ್ದಕ್ಕೂ ಇರುವ ಹೊಸ್ತಿಲಿನಂತಹ ಟೊಳ್ಳು ಕೊಳವೆಗಳೇ ಗಾಡಿಯ ಬೆನ್ನೆಲುಬು.

ತೆಳ್ಳಗಿನ ತಗಡಿಗೆ ಇಷ್ಟು ಬಲವೆಲ್ಲಿಂದ ಬಂದಿತು? ವಾಚಕರು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ದಪ್ಪ ಕಾಗದವೊಂದನ್ನು ಕೊಳವೆಯಂತೆ ಸುತ್ತಿ, ಅಂಚುಗಳನ್ನು ಅಂಟಿಸದೆ, ಎರಡು ತುದಿಗಳನ್ನು ಹಿಡಿದು ತಿರುಚಿರಿ. ಅದು ಅನಾಯಾಸವಾಗಿ ತಿರುಚಿಕೊಳ್ಳುತ್ತದೆ. ಈಗ ಅಂಚುಗಳನ್ನು ಉದ್ದಕ್ಕೂ ಅಂಟಿಸಿ, ಒಣಗಿದ ಮೇಲೆ ಮತ್ತೆ ತಿರುಚಿರಿ. ಅದೇ ಕಾಗದ ಕೈಗೆ ಎದುರು ನಿಲ್ಲುತ್ತದೆ. ಕಾಗದದ ದಪ್ಪ ಹೆಚ್ಚಲಿಲ್ಲ. ಕೊಳವೆ ಮುಚ್ಚಿಕೊಂಡಿತು, ಅಷ್ಟೆ. ಕಾರಿನ ಹೊಸ್ತಿಲಿನ ಬೆಸುಗೆಯನ್ನು ತುಕ್ಕು ತಿಂದುಹಾಕಿದರೆ ಅಂಟಿಸಿದ ಕಾಗದವು ಮತ್ತೆ ಅಂಟು ಬಿಟ್ಟಂತಾಗುತ್ತದೆ. ಆಗ ಮೇಲೆ ಎಷ್ಟು ಬಣ್ಣ ಬಳಿದರೂ ಬಲ ಮರಳಿ ಬಾರದು.

ಹಳೆಯ ಕಾಲದ ತಗಡು ದಪ್ಪವಾದುದು, ಅದಕ್ಕೆ ಏನೂ ಆಗುವುದಿಲ್ಲವೆಂಬ ಮಾತೊಂದು ಪ್ರಚಾರದಲ್ಲಿದೆ. ರಸಾಯನಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಕಬ್ಬಿಣ, ನೀರು, ಆಮ್ಲಜನಕ ಈ ಮೂರೂ ಕೂಡಿದಲ್ಲಿ ತುಕ್ಕು ಹುಟ್ಟಿಯೇ ತೀರುತ್ತದೆ. ಅಲ್ಯುಮಿನಿಯಮ್ಮಿನ ಮೇಲೆ ಹುಟ್ಟುವ ಆಕ್ಸೈಡು ಒತ್ತಾದ ಹೊದಿಕೆಯಾಗಿ ಲೋಹವನ್ನು ಕಾಪಾಡುತ್ತದೆ. ಕಬ್ಬಿಣದ ತುಕ್ಕಾದರೋ ಸಡಿಲವಾಗಿ ಪದರ ಪದರವಾಗಿ ಉದುರಿ, ಒಳಗಿನ ಹೊಸ ಲೋಹವನ್ನು ಗಾಳಿಗೊಡ್ಡುತ್ತದೆ. ಆದುದರಿಂದ ಅದು ತಾನಾಗಿ ನಿಲ್ಲುವುದಿಲ್ಲ. ನೀರಿನಲ್ಲಿ ಉಪ್ಪು ಬೆರೆತರೆ ವಿದ್ಯುತ್ತಿನ ಹರಿವು ಸುಲಭವಾಗಿ ಈ ಕ್ರಿಯೆ ಚುರುಕಾಗುತ್ತದೆ. ಮಂಗಳೂರು, ಕಾರವಾರ, ಮುಂಬಯಿಗಳಲ್ಲಿ ಬಾಳಿದ ಗಾಡಿಯನ್ನು ಬಯಲುಸೀಮೆಯ ಗಾಡಿಗಿಂತ ಇಮ್ಮಡಿ ಎಚ್ಚರದಿಂದ ನೋಡಬೇಕಾದುದು ಇದಕ್ಕಾಗಿಯೇ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಆಕ್ರಮಿಸುವುದರಿಂದ ಬಣ್ಣವು ಗುಳ್ಳೆಯೇಳುತ್ತದೆ. ಚಿಕ್ಕ ಗುಳ್ಳೆಯೆಂದು ಅದನ್ನು ಕಡೆಗಣಿಸಬಾರದು. ಅನೇಕ ವೇಳೆ ತುಕ್ಕು ಟೊಳ್ಳಿನ ಒಳಗಿನಿಂದ ಹೊರಟು, ತಗಡನ್ನು ತಿಂದು ಮುಗಿಸಿದ ಮೇಲೆಯೇ ಹೊರಗೆ ಕಾಣಿಸಿಕೊಳ್ಳುತ್ತದೆ.

ಹಾಗಾದರೆ ಪರೀಕ್ಷಿಸುವುದು ಹೇಗೆ? ಒಂದು ಚಿಕ್ಕ ಅಯಸ್ಕಾಂತ, ಒಂದು ಟಾರ್ಚು, ಒಂದು ಸ್ಕ್ರೂಡ್ರೈವರು, ಒಂದು ಜಾಕ್ ಇಷ್ಟು ಸಾಕು. ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಬಾಗಿಲಿನ ಕೆಳ ಅಂಚು, ಚಕ್ರದ ಮೇಲಿನ ಕಮಾನು, ಹೊಸ್ತಿಲು ಇವುಗಳ ಮೇಲೆ ಸರಿಸುತ್ತ ಹೋಗಬೇಕು. ಕಾಂತದ ಸೆಳೆತ ದೂರದೊಡನೆ ಬಹು ಬೇಗ ಕುಗ್ಗುತ್ತದೆ. ತಗಡಿನ ಮೇಲೆ ಪುಟ್ಟಿಯನ್ನು ದಪ್ಪವಾಗಿ ಮೆತ್ತಿದ್ದರೆ ಅಯಸ್ಕಾಂತವು ಅಲ್ಲಿ ಹಿಡಿಯದೆ ಜಾರಿ ಗುಟ್ಟನ್ನು ಬಯಲು ಮಾಡುತ್ತದೆ. ಮಾರುವವರ ಒಪ್ಪಿಗೆ ಪಡೆದು ನೆಲದ ಹಾಸು, ಡಿಕ್ಕಿಯ ತಳ, ಹಿಂದಿನ ಸ್ಪ್ರಿಂಗುಗಳು ಒಡಲಿಗೆ ಕೂಡುವ ಎಡೆ ಇವನ್ನು ಸ್ಕ್ರೂಡ್ರೈವರಿನಿಂದ ಒತ್ತಿ ನೋಡಬೇಕು. ಗಟ್ಟಿ ಲೋಹ ಎದುರು ನಿಲ್ಲುತ್ತದೆ, ತುಕ್ಕು ಹಿಡಿದುದು ಕುಸಿಯುತ್ತದೆ. ಬಳಿಕ ಗಾಡಿಯ ಒಂದು ಪಕ್ಕವನ್ನು ಜಾಕಿನಿಂದ ತುಸುವೇ ಎತ್ತಿ ಬಾಗಿಲನ್ನು ತೆರೆದು ಮುಚ್ಚಬೇಕು. ಮೊದಲು ಸರಾಗವಾಗಿ ಮುಚ್ಚುತ್ತಿದ್ದ ಬಾಗಿಲು ಈಗ ತಡೆದರೆ, ಒಡಲು ಬಾಗುತ್ತಿದೆಯೆಂದು ತಿಳಿಯಬೇಕು. ಎತ್ತುವಾಗ ಜಾಕ್ ಊರಿದ ಜಾಗವೇ ಒಳಕ್ಕೆ ಕುಸಿದರೆ ಮುಂದಿನ ಪರೀಕ್ಷೆಯೇ ಬೇಕಿಲ್ಲ. ಬರಿಯ ಜಾಕಿನ ಆಧಾರದ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ನುಸುಳಬಾರದು.

ಒಡಲಿನ ಅನಂತರ ಬ್ರೇಕು. ಪಾಸ್ಕಲನ ನಿಯಮದಂತೆ ಪೆಡಲಿನ ಒತ್ತಡವನ್ನು ದ್ರವವು ಚಕ್ರಗಳಿಗೆ ಮುಟ್ಟಿಸುತ್ತದೆ. ಆ ಕಾಲದ ಹಲವು ಗಾಡಿಗಳಲ್ಲಿ ನಾಲ್ಕು ಚಕ್ರಗಳಿಗೂ ಸೇರಿ ದ್ರವದ ಮಾರ್ಗ ಒಂದೇ. ಎಲ್ಲಿಯೇ ಸೋರಿದರೂ ನಾಲ್ಕೂ ಕೈಕೊಡುತ್ತವೆ. ಪೆಡಲನ್ನು ಬಲವಾಗಿ ಒತ್ತಿ ಒಂದು ನಿಮಿಷ ಹಿಡಿದಾಗ ಅದು ಮೆಲ್ಲಗೆ ಕೆಳಗಿಳಿಯುತ್ತಿದ್ದರೆ ಎಲ್ಲಿಯೋ ಸೋರಿಕೆಯಿದೆ. ಟಯರುಗಳ ಪಕ್ಕದಲ್ಲಿರುವ ನಾಲ್ಕು ಅಂಕಿಗಳನ್ನೂ ಓದಬೇಕು. ಮೊದಲೆರಡು ತಯಾರಾದ ವಾರವನ್ನೂ ಕಡೆಯೆರಡು ವರ್ಷವನ್ನೂ ತಿಳಿಸುತ್ತವೆ. ಷೆಡ್ಡಿನಲ್ಲಿ ಸುಮ್ಮನೆ ನಿಂತಿದ್ದರೂ ರಬ್ಬರು ಮುಪ್ಪಾಗುತ್ತದೆ.

ಈಗ ಎಂಜಿನ್ನಿನ ಸರದಿ. ನಾವು ಬರುವ ಮುನ್ನ ಎಂಜಿನನ್ನು ಚಾಲೂ ಮಾಡಬೇಡಿರೆಂದು ಮೊದಲೇ ಕೇಳಿಕೊಳ್ಳಬೇಕು. ತಣ್ಣಗಿರುವ ಎಂಜಿನ್ನು ಸುಳ್ಳು ಹೇಳಲಾರದು. ನೀಲಿ ಹೊಗೆ ಎಣ್ಣೆ ಸುಡುತ್ತಿರುವುದರ ಗುರುತು, ಕಪ್ಪು ಹೊಗೆ ಪೆಟ್ರೋಲು ಮಿತಿಮೀರಿರುವುದರ ಗುರುತು. ಕಾವೇರಿದ ಮೇಲೂ ದಟ್ಟವಾದ ಬಿಳಿಯ ಹೊಗೆ ನಿಲ್ಲದಿದ್ದರೆ ಸಿಲಿಂಡರಿಗೆ ನೀರು ಸೇರುತ್ತಿರಬಹುದು. ನಾಲ್ಕು ಸಿಲಿಂಡರುಗಳ ಸಂಪೀಡನದ ಒತ್ತಡವನ್ನು ಅಳೆಯಿಸಿದರೆ ಇನ್ನೂ ಒಳ್ಳೆಯದು. ಒತ್ತಡ ಕಡಮೆಯಿರುವ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಹಾಕಿ ಮತ್ತೆ ಅಳೆದಾಗ ಒತ್ತಡ ಏರಿದರೆ ಸವೆದಿರುವುದು ಉಂಗುರಗಳು; ಏರದಿದ್ದರೆ ದೋಷ ಬಹುಶಃ ಕವಾಟಗಳಲ್ಲಿದೆ. ಪೆಟ್ರೋಲಿನ ರಬ್ಬರು ನಳಿಕೆಗಳನ್ನು ನೋಡಲು ಮರೆಯಬಾರದು. ನಮ್ಮ ದೇಶದಲ್ಲಿ ನೂರಕ್ಕೆ ೨೦ ಪಾಲು ಎಥನಾಲ್ ಬೆರೆಸಿದ ಪೆಟ್ರೋಲಿನ ಮಾರಾಟ ೨೦೨೩ರಲ್ಲಿ ಆರಂಭವಾಯಿತು. ಆ ಕಾಲದ ರಬ್ಬರು ಇದಕ್ಕಾಗಿ ಮಾಡಿದುದಲ್ಲ. ಬಿರಿದ ನಳಿಕೆಯಿಂದ ಸೋರಿದ ಪೆಟ್ರೋಲು ಬಿಸಿ ಎಂಜಿನ್ನಿನ ಮೇಲೆ ಬಿದ್ದರೆ ಆಗುವ ಅನಾಹುತವನ್ನು ವಿವರಿಸಬೇಕಾಗಿಲ್ಲ.

ಕಾಗದಪತ್ರಗಳ ಪರೀಕ್ಷೆಯೂ ಯಂತ್ರದ ಪರೀಕ್ಷೆಯಷ್ಟೇ ಮುಖ್ಯ. ಎಂಜಿನ್ನಿನ ಮತ್ತು ಚಾಸಿಸ್ಸಿನ ಸಂಖ್ಯೆಗಳು ನೋಂದಣಿ ಪತ್ರದಲ್ಲಿರುವಂತೆಯೇ ಇವೆಯೇ, ೧೫ ವರ್ಷ ಕಳೆದ ಮೇಲೆ ನೋಂದಣಿಯನ್ನು ನವೀಕರಿಸಲಾಗಿದೆಯೇ ಎಂಬುದನ್ನು ಕಣ್ಣಾರೆ ನೋಡಬೇಕು. ೨೦೨೧ರ ಕೇಂದ್ರ ನಿಯಮದಂತೆ, ಮೊದಲ ನೋಂದಣಿಯಾಗಿ ೫೦ ವರ್ಷ ದಾಟಿದ, ಮೂಲರೂಪ ಕೆಡದ ಗಾಡಿಯನ್ನು ವಿಂಟೇಜ್ ವಾಹನವೆಂದು ನೋಂದಾಯಿಸಬಹುದು. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ದಿನವೂ ಕೆಲಸಕ್ಕೆ ಹೋಗಲು ಗಾಡಿ ಬೇಕೆನ್ನುವವರು ಇದನ್ನು ಮೊದಲೇ ತಿಳಿದಿರಬೇಕು.

ಹಳೆಯ ಕಾರನ್ನು ಕೊಳ್ಳುವವರು ಲೆಕ್ಕಾಚಾರಕ್ಕಾಗಿ ಕೊಳ್ಳುವುದಿಲ್ಲ, ತಂದೆಯೋ ಅಜ್ಜನೋ ಓಡಿಸುತ್ತಿದ್ದ ಗಾಡಿಯ ನೆನಪಿಗಾಗಿ ಕೊಳ್ಳುತ್ತಾರೆ ಎಂದು ಕೆಲವರು ವಾದಿಸಬಹುದು. ಈ ಮಾತಿನಲ್ಲಿ ಸತ್ಯವಿದೆ. ಆದರೆ ಆ ಗಾಡಿಯಲ್ಲಿ ಕೂರುವವರು ಮಡದಿ ಮಕ್ಕಳು. ಅವರ ಭಾರವನ್ನು ಹೊರುವುದು ನೆನಪಲ್ಲ, ಹೊಸ್ತಿಲಿನ ತಗಡು. ಪ್ರೀತಿಯಿರುವಲ್ಲಿಯೇ ಪರೀಕ್ಷೆ ಹೆಚ್ಚು ಬೇಕು. ಕೆಳಗೆ ಬಗ್ಗಿ ನೋಡಿದರೆ ಮಾರುವವರಿಗೆ ಅವಮಾನವಾದೀತೆಂಬ ಸಂಕೋಚವೂ ಸಲ್ಲದು. ಗಾಡಿಯನ್ನು ಚೆನ್ನಾಗಿ ಸಾಕಿದವರು ನೋಡಿರೆಂದು ತಾವೇ ಹೇಳುತ್ತಾರೆ, ಬೇಡವೆನ್ನುವವರು ಆ ಒಂದು ಮಾತಿನಲ್ಲಿಯೇ ಉತ್ತರ ಕೊಟ್ಟಂತಾಯಿತು.

ಆದಕಾರಣ ಮೊದಲು ಒಡಲು, ಅನಂತರ ಬ್ರೇಕು, ಬಳಿಕ ಕಾಗದಪತ್ರ, ಆಮೇಲೆ ಎಂಜಿನ್ನು, ಎಲ್ಲಕ್ಕೂ ಕಡೆಗೆ ಬಣ್ಣ ಎಂಬ ಕ್ರಮವನ್ನು ನಾವು ಸೂಚಿಸುತ್ತೇವೆ. ಬಣ್ಣ ಮಾಸಿದ, ಆದರೆ ತಗಡು ಗಟ್ಟಿಯಾಗಿರುವ ಗಾಡಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಹೊಳಪಿನ ಕೆಳಗೆ ತುಕ್ಕನ್ನು ಬಚ್ಚಿಟ್ಟುಕೊಂಡ ಗಾಡಿ ಅಗ್ಗಕ್ಕೆ ಸಿಕ್ಕಿದರೂ ದುಬಾರಿಯೇ.